ಟೇಬಲ್‌ನಲ್ಲಿ ಒಂದು ಕಾಲಂ

ನನ್ನ ಹೊಟ್ಟೆಪಾಡು ಡೇಟಾಬೇಸ್. ಇರೋ ಟೇಬಲ್‌ಗೆ ಇನ್ನೊಂದು ಕಾಲಂ ಸೇರಿಸೋಕೆ ನನಗೆ ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಕೆಲಸ ಒಂದು ದೇಶಕ್ಕೆ ಏನು ಮಾಡಬಲ್ಲದು ಅಂತ ಗೊತ್ತಾಗಿದ್ದು ವೆನೆಜುವೆಲಾದ ಚರಿತ್ರೆ ಓದುವಾಗ.

ವೆನೆಜುವೆಲಾ ಅಂದರೆ ಈಗ ನಮಗೆ ಬೆಲೆಯಿಲ್ಲದ ನೋಟಿನ ಕಂತೆಗಳ ವಾಟ್ಸಾಪ್ ಫೋಟೋ ನೆನಪಾಗುತ್ತೆ. ಆದರೆ 1970ರ ದಶಕದಲ್ಲಿ ಅದು ಲ್ಯಾಟಿನ್ ಅಮೆರಿಕದ ಸಾಹುಕಾರ. ಚಿಲಿ, ಅರ್ಜೆಂಟೀನಾಗಳು ಮಿಲಿಟರಿ ಕೈಗೆ ಹೋದಾಗಲೂ ಇಲ್ಲಿ 1958ರಿಂದ ತಪ್ಪದೆ ಚುನಾವಣೆ ನಡೀತಿತ್ತು. ಮಯಾಮಿಗೆ ಶಾಪಿಂಗ್ ಹೋದ ವೆನೆಜುವೆಲಾದವರು "ಅಗ್ಗ ಇದೆ, ಎರಡು ಕೊಡಿ" ಅಂತಿದ್ದರಂತೆ. ಡಾಲರಿಗೆ 4.30 ಬೊಲಿವಾರ್. ತೈಲದ ಬೆಲೆ ಇಳಿಯಿತು, ಸಾಲ ಬೆಳೆಯಿತು, 1983ರ ಫೆಬ್ರವರಿ 18ರ ಶುಕ್ರವಾರ ಆ ದರ ಕುಸಿದುಬಿತ್ತು.

ಆಮೇಲೆ ಹದಿನೈದು ವರ್ಷ ದೇಶ ಮೇಲೇಳಲೇ ಇಲ್ಲ. ಆಳುವವರು ಆಳುತ್ತಾ, ತಿನ್ನುತ್ತಾ ಹೋದರು. 1989ರ ಫೆಬ್ರವರಿ 27ರ ಬೆಳಗ್ಗೆ ಕೆಲಸಕ್ಕೆ ಹೊರಟವರಿಗೆ ಬಸ್ ಚಾರ್ಜ್ ಏರಿದ್ದು ಗೊತ್ತಾಯಿತು. ಸಂಜೆಯೊಳಗೆ ಕರಾಕಸ್ ಹೊತ್ತಿ ಉರಿಯಿತು. ಸೇನೆ ಗುಂಡು ಹಾರಿಸಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು 270ಕ್ಕೂ ಹೆಚ್ಚು.

ಹ್ಯೂಗೋ ಚಾವೆಜ್ ಬಂದಿದ್ದು ಈ ಸಿಟ್ಟಿನ ಬೆನ್ನೇರಿ. ಹಳ್ಳಿ ಕಡೆಯ ಮೇಷ್ಟ್ರ ಮಗ, ಸೇನಾಧಿಕಾರಿ. 1992ರಲ್ಲಿ ದಂಗೆ ಎದ್ದು ಸೋತು, ಟಿವಿಯಲ್ಲಿ "ಸದ್ಯಕ್ಕೆ" ಸೋತಿದ್ದೀವಿ ಅಂದ. ಆ ಒಂದು ಮಾತು ಜನರ ಬಾಯಲ್ಲಿ ಉಳಿದುಹೋಯಿತು. 1998ರ ಚುನಾವಣೆಯಲ್ಲಿ ಶೇ 56 ಮತ. ನಿಜ ಹೇಳ್ತೀನಿ, ನಾನು ಅಲ್ಲಿದ್ದಿದ್ದರೆ ನಾನೂ ಅವನಿಗೇ ಓಟು ಹಾಕ್ತಿದ್ದೆ. ಡಾಕ್ಟರ ಮುಖವನ್ನೇ ಕಾಣದ ಕೇರಿಗಳಲ್ಲಿ ಅವನು ಕ್ಲಿನಿಕ್ ತೆರೆಸಿದ್ದು ಸುಳ್ಳಲ್ಲ.

1999ರಲ್ಲಿ ಅವನೇ ಮುಂದೆ ನಿಂತು ಬರೆಸಿದ ಸಂವಿಧಾನದಲ್ಲಿ ಒಂದು ಅಪರೂಪದ ಹಕ್ಕಿತ್ತು. ಅರ್ಧ ಅವಧಿ ಮುಗಿದ ಮೇಲೆ ಶೇ 20 ಮತದಾರರು ಸಹಿ ಹಾಕಿದರೆ, ಅಧ್ಯಕ್ಷನನ್ನು ಇಳಿಸಬೇಕೋ ಬೇಡವೋ ಅಂತ ಜನಮತ ಕೇಳಲೇಬೇಕು. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಅಧ್ಯಕ್ಷರ ವಿರುದ್ಧ ಅವಿಶ್ವಾಸ ತರಬೇಕಾದರೂ ಸದಸ್ಯರೇ ತರಬೇಕು, ಊರಿನವರಲ್ಲ. ಓದಿದಾಗ ಹೊಟ್ಟೆಕಿಚ್ಚಾಯಿತು.

2003ರ ಕೊನೆಯಲ್ಲಿ ವಿರೋಧಿಗಳು ಆ ಹಕ್ಕನ್ನು ಚಲಾಯಿಸಿದರು. ಹೆಸರು, ಗುರುತಿನ ಚೀಟಿ ನಂಬರ್, ಸಹಿ. ಆ ಪಟ್ಟಿ ಚುನಾವಣಾ ಮಂಡಳಿಯಿಂದ ಲೂಯಿಸ್ ಟಾಸ್ಕೋನ್ ಎಂಬ ಆಡಳಿತ ಪಕ್ಷದ ಸಂಸದನ ಕೈಗೆ ಬಂತು. ಅವನು ಅದನ್ನ ತನ್ನ ವೆಬ್‌ಸೈಟಿನಲ್ಲಿ ಹಾಕಿಬಿಟ್ಟ. 24 ಲಕ್ಷಕ್ಕೂ ಹೆಚ್ಚು ಜನ. ನಂಬರ್ ಹೊಡೆದರೆ ಸಾಕು, ಪಕ್ಕದ ಮನೆಯವನು ಸಹಿ ಹಾಕಿದ್ದಾನೋ ಇಲ್ಲವೋ ತಿಳೀತಿತ್ತು. ಸಹಿ ಫೋರ್ಜರಿ ಆಗಿದ್ದರೆ ಜನರೇ ಪತ್ತೆ ಹಚ್ಚಲಿ ಅನ್ನೋದು ನೆಪ.

2004ರ ಆಗಸ್ಟ್‌ನ ಜನಮತದಲ್ಲಿ ಚಾವೆಜ್ ಸುಮಾರು ಶೇ 59 ಮತ ಪಡೆದು ಗೆದ್ದ. ಅಲ್ಲಿಗೆ ಪಟ್ಟಿ ಕಸದಬುಟ್ಟಿ ಸೇರಬೇಕಿತ್ತು. ಬದಲಿಗೆ ಅದು 'ಮೈಸಾಂಟಾ' ಅನ್ನೋ ಸಾಫ್ಟ್‌ವೇರ್ ಆಯಿತು. 1.2 ಕೋಟಿ ಮತದಾರರ ವಿವರ, ಜೊತೆಗೆ ಯಾರು ಯಾವ ಕಡೆ ಅನ್ನೋ ಕಾಲಂ. ಸಿಡಿಯಲ್ಲಿ ಕಚೇರಿ ಕಚೇರಿಗೂ ಹೋಯಿತು. ಕೆಲಸ ಕೇಳಲು, ಪಾಸ್‌ಪೋರ್ಟ್ ಮಾಡಿಸಲು ಬಂದವರ ನಂಬರನ್ನ ಕೌಂಟರಿನ ಗುಮಾಸ್ತ ಮೊದಲು ಅಲ್ಲಿ ಹಾಕಿ ನೋಡ್ತಿದ್ದ ಅಂತ ಎಷ್ಟೋ ಜನ ಹೇಳಿಕೊಂಡರು. ಯಾರನ್ನೂ ಜೈಲಿಗೆ ಹಾಕಬೇಕಿಲ್ಲ ನೋಡಿ. "ಸರ್ವರ್ ಡೌನ್, ನಾಳೆ ಬನ್ನಿ" ಅಂದರೆ ಮುಗೀತು. ಮುಂದೆ ಅರ್ಥಶಾಸ್ತ್ರಜ್ಞರು ಇದೇ ಪಟ್ಟಿಯನ್ನ ಉದ್ಯೋಗ ಸಮೀಕ್ಷೆಯ ಜೊತೆ ತಾಳೆ ಹಾಕಿದಾಗ, ಸಹಿ ಹಾಕಿದವರ ಗಳಿಕೆ ಸುಮಾರು ಶೇ 5 ಇಳಿದಿದ್ದು ಕಂಡಿತು.

2005ರಲ್ಲಿ ಚಾವೆಜ್ಜೇ ಆ ಪಟ್ಟಿಯನ್ನ ಹೂತುಬಿಡಿ ಅಂದ. ಸಿಡಿ ಕಾಪಿ ಆದಮೇಲೆ ಹೂಳೋದು ಎಲ್ಲಿ? ಸಹಿ ಹಾಕಿದ್ದಕ್ಕೆ ಸರ್ಕಾರಿ ಕೆಲಸ ಕಳೆದುಕೊಂಡ ಮೂವರು ಮಹಿಳೆಯರ ಪರ ಅಂತರ-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2018ರಲ್ಲಿ. ಹದಿನಾಲ್ಕು ವರ್ಷ!

ಅಷ್ಟರಲ್ಲಿ ಚಾವೆಜ್ ಸತ್ತು ಮದುರೋ ಬಂದಿದ್ದ. 2016ರಲ್ಲಿ ಜನ ಮತ್ತೆ ಸಹಿಗೆ ಹೊರಟಾಗ, ಸಹಿ ಹಾಕಿದ ಅಧಿಕಾರಿಗಳಿಗೆ ಹುದ್ದೆ ಇರಲ್ಲ ಅಂತ ಆಡಳಿತ ಪಕ್ಷದ ನಾಯಕರು ಬಹಿರಂಗವಾಗಿಯೇ ಹೇಳಿದರು. ಅಕ್ಟೋಬರ್‌ನಲ್ಲಿ ಆ ಪ್ರಕ್ರಿಯೆಯನ್ನೇ ನಿಲ್ಲಿಸಲಾಯಿತು. ಮರುವರ್ಷ ಕ್ಯೂಆರ್ ಕೋಡ್ ಇರುವ 'ತಾಯ್ನಾಡಿನ ಕಾರ್ಡ್' ಬಂತು. ಅಂಗಡಿಯಲ್ಲಿ ಹಿಟ್ಟು, ಎಣ್ಣೆ ಸಿಗದ ಆ ಕಾಲದಲ್ಲಿ ಸರ್ಕಾರದ ನೆರವು ಬೇಕಂದರೆ ಈ ಕಾರ್ಡ್ ಬೇಕಾಯಿತು. 2018ರ ಮೇನಲ್ಲಿ ಅಧ್ಯಕ್ಷೀಯ ಚುನಾವಣೆ. ಮತಗಟ್ಟೆಗಳ ಹತ್ತಿರ ಆಡಳಿತ ಪಕ್ಷದ ಕೆಂಪು ಶಾಮಿಯಾನ. ಓಟು ಹಾಕಿ ಬಂದವರು ಅಲ್ಲಿ ಕ್ಯೂ ನಿಂತು, ಒಬ್ಬೊಬ್ಬರಾಗಿ ಕಾರ್ಡ್ ಚಾಚಿ ಸ್ಕ್ಯಾನ್ ಮಾಡಿಸಿಕೊಂಡು ಮನೆಗೆ ಹೋದರು.