ಕೈಗೆ ಸಿಗದ ಗಂಟಿನ ಹುಡುಕಾಟ

ಸ್ತನದ ಎಕ್ಸ್-ರೇ ಪರೀಕ್ಷೆಯಾದ ಮ್ಯಾಮೊಗ್ರಫಿಯ ಚರಿತ್ರೆ ಶುರುವಾಗುವುದು ಕತ್ತರಿಸಿ ತೆಗೆದ ಸ್ತನಗಳಿಂದ. ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ ಅಂಥ ಸುಮಾರು 3,000 ಸ್ತನಗಳನ್ನು ಪರಿಶೀಲಿಸಿ, ಎಕ್ಸ್-ರೇ ಚಿತ್ರಗಳೊಡನೆ ತಾಳೆ ನೋಡಿ, 1913ರಲ್ಲಿ ಪ್ರಕಟಿಸಿದರು. ಕೆಲವು ಗಡ್ಡೆಗಳ ನಡುವೆ ಸಣ್ಣ ಚುಕ್ಕೆಗಳು ಅವರಿಗೆ ಕಂಡಿದ್ದವು. ಅವು ಸುಣ್ಣದ ಕಣಗಳು, ಕ್ಯಾನ್ಸರಿನ ಮೊದಲ ಸುಳಿವು ಎಂಬುದು ಆಗ ಹೊಳೆಯಲಿಲ್ಲ. ಯಹೂದಿಯಾದ ಸಾಲೊಮನ್ ನಾಜಿಗಳ ಕಾಲದಲ್ಲಿ ಹುದ್ದೆ ಕಳೆದುಕೊಂಡರು. ಅವರ ಮಗಳು, ಚಿತ್ರಕಲಾವಿದೆ ಶಾರ್ಲೊಟೆ, ಆಶ್ವಿಟ್ಸ್‌ನಲ್ಲಿ ಹತಳಾದಳು.

1930ರಲ್ಲಿ ಅಮೆರಿಕದ ರಾಚೆಸ್ಟರ್‌ನ ಸ್ಟಾಫರ್ಡ್ ವಾರನ್ ಶಸ್ತ್ರಕ್ರಿಯೆಗೆ ಮುನ್ನವೇ ರೋಗಿಗಳ ಸ್ತನದ ಚಿತ್ರ ತೆಗೆದರು. ಆದರೆ ಚಿತ್ರಗಳು ಮಸುಕಾಗಿಯೇ ಉಳಿದವು. ಸ್ತನದಲ್ಲಿ ಎಲುಬಿಲ್ಲ, ಕೊಬ್ಬು, ಹಾಲಿನ ಗ್ರಂಥಿ, ಗಡ್ಡೆ ಇವುಗಳ ಸಾಂದ್ರತೆಯಲ್ಲಿ ಅಂತರ ತೀರ ಕಡಿಮೆ. ಪ್ರಬಲ ಕಿರಣಗಳು ಎಲ್ಲವನ್ನೂ ಒಂದೇ ತೆರನಾಗಿ ದಾಟಿಹೋಗುತ್ತವೆ.

ಈ ತೊಡಕು ಬಿಡಿಸಿದವರಲ್ಲಿ ಉರುಗ್ವೆಯ ರಾವುಲ್ ಲೆಬೊರ್ನ್ ಮುಖ್ಯರು. ಸ್ತನವನ್ನು ಒತ್ತಿ ಹಿಡಿದರೆ ಅದರ ದಪ್ಪ ತಗ್ಗುತ್ತದೆ, ಒಂದರ ಮೇಲೊಂದು ಬಿದ್ದ ಅಂಗಾಂಶಗಳು ಹರಡಿಕೊಳ್ಳುತ್ತವೆ, ಕಿರಣ ಚದರುವುದೂ ಇಳಿಯುತ್ತದೆ. ಇಂದಿಗೂ ಮಹಿಳೆಯರು ಅಂಜುವ ಆ ಒತ್ತುವಿಕೆ ಯಂತ್ರದ ಒರಟುತನವಲ್ಲ, ಸ್ಪಷ್ಟ ಚಿತ್ರದ ಬೆಲೆ. ಉಪ್ಪಿನ ಹರಳಿನಂಥ ಸುಣ್ಣದ ಕಣಗಳಿಗೂ ಕ್ಯಾನ್ಸರಿಗೂ ಇರುವ ನಂಟನ್ನು 1950ರ ಸುಮಾರಿಗೆ ಒತ್ತಿ ಹೇಳಿದವರೂ ಅವರೇ.

ಹ್ಯೂಸ್ಟನ್ನಿನ ರಾಬರ್ಟ್ ಈಗನ್ ಕಡಿಮೆ ವೋಲ್ಟೇಜಿನ ಕಿರಣವನ್ನೂ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ನವಿರು ಕಣಗಳ ಫಿಲಮನ್ನೂ ಜೋಡಿಸಿ, 1960ರಲ್ಲಿ 1,000 ಪರೀಕ್ಷೆಗಳ ವರದಿ ಕೊಟ್ಟರು. ಬೇರೆ ಆಸ್ಪತ್ರೆಯವರೂ ಕಲಿತು ಅದೇ ಫಲ ಪಡೆಯಬಹುದಾದ ವಿಧಾನವದು. ಈಗನ್ ಅವರ ನಿಜವಾದ ಕೊಡುಗೆ ಅದೇ. ಅದೇ ದಶಕದಲ್ಲಿ ಸ್ಟ್ರಾಸ್‌ಬರ್ಗ್‌ನ ಶಾರ್ಲ್ ಗ್ರೊ ಅವರ ಯತ್ನದಿಂದ ಮಾಲಿಬ್ಡಿನಮ್ ಲೋಹ ಬಳಸುವ, ಸ್ತನಕ್ಕೆಂದೇ ಮೀಸಲಾದ ಯಂತ್ರ ಬಂತು.

ಪರೀಕ್ಷೆಯಿಂದ ಜೀವ ಉಳಿಯುತ್ತದೆಯೆ? 1963ರಲ್ಲಿ ನ್ಯೂಯಾರ್ಕಿನಲ್ಲಿ 40ರಿಂದ 64 ವಯಸ್ಸಿನ ಸುಮಾರು 62,000 ಮಹಿಳೆಯರನ್ನು ಎರಡು ಗುಂಪು ಮಾಡಿ ಅಧ್ಯಯನ ಆರಂಭವಾಯಿತು. ಹತ್ತು ವರ್ಷಗಳ ಲೆಕ್ಕದಲ್ಲಿ, ತಪಾಸಣೆಗೆ ಕರೆದ ಗುಂಪಿನಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಿತ್ತು. ವೈದ್ಯರು ಕೈಯಿಂದ ಮಾಡುವ ಪರೀಕ್ಷೆಯೂ ಅದರಲ್ಲಿ ಸೇರಿತ್ತು.

ಗ್ರಂಥಿಗಳು ದಟ್ಟವಾಗಿರುವ ಸ್ತನ ಮಾತ್ರ ಸವಾಲಾಗಿಯೇ ಉಳಿಯಿತು: ಗ್ರಂಥಿಯೂ ಬಿಳಿ, ಗಡ್ಡೆಯೂ ಬಿಳಿ. 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಿಜಿಟಲ್ ಮ್ಯಾಮೊಗ್ರಫಿ ಇಂಥ ಸ್ತನದವರಲ್ಲಿ ಫಿಲಂಗಿಂತ ಮೇಲೆಂದು 2005ರ ಅಧ್ಯಯನ ತೋರಿಸಿತು. 2011ರಲ್ಲಿ ಟೊಮೊಸಿಂಥೆಸಿಸ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಅದು ಹಲವು ಕೋನಗಳ ಚಿತ್ರಗಳಿಂದ ಸ್ತನವನ್ನು ಪದರ ಪದರವಾಗಿ ತೋರಿಸುತ್ತದೆ. ಎಂಆರ್‌ಐ ಹಿಡಿದ ದಾರಿಯೇ ಬೇರೆ: ರಕ್ತನಾಳಕ್ಕೆ ಕೊಟ್ಟ ಗ್ಯಾಡೊಲಿನಿಯಮ್ ದ್ರಾವಣ ಗಡ್ಡೆಯ ಹೊಸ ನಾಳಗಳಲ್ಲಿ ಬೇಗ ತುಂಬಿ ಬೆಳಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಅತಿ ದಟ್ಟ ಸ್ತನದ 40,373 ಮಹಿಳೆಯರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎರಡು ತಪಾಸಣೆಗಳ ನಡುವೆ ತಲೆದೋರುವ ಕ್ಯಾನ್ಸರ್, ಮ್ಯಾಮೊಗ್ರಫಿ ಮಾತ್ರ ಇದ್ದ ಗುಂಪಿನಲ್ಲಿ ಸಾವಿರಕ್ಕೆ 5. ಎಂಆರ್‌ಐಗೂ ಕರೆದವರಲ್ಲಿ 2.5.