ಸುಡದ ಬೆಳಕಿನ ಚರಿತ್ರೆ

ಲೇಸರ್ ಎಂದೊಡನೆ ಕತ್ತರಿಸುವ, ಸುಡುವ ಕಿರಣವೇ ನಮ್ಮ ಕಣ್ಮುಂದೆ ಬರುತ್ತದೆ. ಮೈಗೆ ಬಿಸಿಯೂ ತಾಗದಷ್ಟು ಮಂದವಾದ ಲೇಸರ್ ಬೆಳಕು ಗಾಯ ಮಾಯಲು ನೆರವಾಗಬಲ್ಲುದೆಂಬ ತಿಳಿವಳಿಕೆ ವೈದ್ಯಶಾಸ್ತ್ರಕ್ಕೆ ದಕ್ಕಿದ್ದು ಸೋತ ಪ್ರಯೋಗವೊಂದರಿಂದ.

ಬೆಳಕಿನ ಚಿಕಿತ್ಸೆಯೇನೋ ಹಳೆಯದು. ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿಯೇ ನೊಬೆಲ್ ಪ್ರಶಸ್ತಿ ಸಂದಿತ್ತು. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಹೊಮ್ಮಿಸಿದರು. ಕೆಲವೇ ವರ್ಷಗಳಲ್ಲಿ ಬಾಸ್ಟನ್ನಿನ ಪಾಲ್ ಮೆಗಫ್ ಅದನ್ನು ಕ್ಯಾನ್ಸರ್ ಗೆಡ್ಡೆಗಳ ಮೇಲೆ ಪ್ರಯೋಗಿಸಿ ಆಸೆ ಮೂಡಿಸಿದರು.

ಅದೇ ಪ್ರಯೋಗವನ್ನು 1960ರ ದಶಕದ ಉತ್ತರಾರ್ಧದಲ್ಲಿ ಬುಡಾಪೆಸ್ಟಿನ ಶಸ್ತ್ರವೈದ್ಯ ಎಂಡ್ರೆ ಮೆಸ್ಟರ್ ಕೈಗೊಂಡರು. ಹಂಗೇರಿಯವರ ಬಾಯಲ್ಲಿ ಆ ಹೆಸರು ‘ಮೆಶ್ಟೆರ್’. ನಮ್ಮ ‘ಮೇಷ್ಟ್ರು’ ಪದಕ್ಕೆ ದೂರದ ನಂಟ. ಅವರ ಯಂತ್ರದ ಶಕ್ತಿ ಬಾಸ್ಟನ್ನಿನದಕ್ಕಿಂತ ಬಹಳ ಕಡಿಮೆಯಿತ್ತು. ಗೆಡ್ಡೆಗಳು ಕರಗಲಿಲ್ಲ. ಆದರೆ ಬೆಳಕು ಬಿದ್ದ ಕಡೆ ಬೋಳಿಸಿದ್ದ ಕೂದಲು ಬೇಗ ಚಿಗುರಿತ್ತು, ಗಾಯ ಬೇಗ ಕೂಡಿಕೊಂಡಿತ್ತು. ಕಚೇರಿಯ ಕಡತವಾಗಿದ್ದರೆ ‘ಉದ್ದೇಶ ಈಡೇರಿಲ್ಲ’ ಎಂದು ಷರಾ ಬರೆದು ನಾವು ಮುಚ್ಚಿಬಿಡುತ್ತಿದ್ದೆವೇನೋ. ಮೆಸ್ಟರ್ ಮುಚ್ಚಲಿಲ್ಲ, ಮುಂದೆ ಬಹುಕಾಲದಿಂದ ಮಾಯದ ಹುಣ್ಣುಗಳಿದ್ದ ರೋಗಿಗಳಿಗೂ ಈ ಚಿಕಿತ್ಸೆ ನೀಡಿದರು.

ಕೆಂಪು ಮತ್ತು ಅದರಾಚೆಯ ಅವಕೆಂಪು ಕಿರಣಗಳನ್ನು ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಒಂದು ಕಿಣ್ವ ಹೀರಿಕೊಂಡು, ಕೋಶದ ಶಕ್ತಿ ಉತ್ಪಾದನೆ ಹೆಚ್ಚುತ್ತದೆಂಬುದು ಇದಕ್ಕೆ ಬಹುಮಂದಿ ಕೊಡುವ ವಿವರಣೆ. ಪ್ರಮಾಣ ಮೀರಿದರೆ ಗುಣ ಕುಗ್ಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಇಂದು ಇದರ ಅತ್ಯಂತ ಗಟ್ಟಿಯಾದ ಉಪಯೋಗ ಕ್ಯಾನ್ಸರ್ ರೋಗಿಗಳಿಗೆ ದೊರೆತಿದೆ. ವಿಕಿರಣ ಚಿಕಿತ್ಸೆಯಿಂದ ಬಾಯಿಯೆಲ್ಲ ಹುಣ್ಣಾಗಿ ಒಂದು ಗುಟುಕು ಗಂಜಿಯೂ ಇಳಿಯದ ಸಂಕಟವನ್ನು ಮನೆಯವರಲ್ಲಿ ಕಂಡವರೇ ಬಲ್ಲರು. ಆ ಹುಣ್ಣುಗಳನ್ನು ತಡೆಯಲು ನಿರ್ದಿಷ್ಟ ಸಂದರ್ಭಗಳಲ್ಲಿ ಈ ಬೆಳಕನ್ನು ಬಳಸಬಹುದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಕುತ್ತಿಗೆ ನೋವಿಗೂ ಇದು ನೆರವಾದೀತೆಂದು 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಸಮೀಕ್ಷೆಯೊಂದು ತಿಳಿಸಿತು. ಬೆನ್ನು, ಮಂಡಿಗಳ ವಿಷಯದಲ್ಲಿ ಫಲಿತಾಂಶಗಳು ಒಂದೇ ತೆರನಾಗಿಲ್ಲ.

ಆದರೆ ಜಾಹೀರಾತುಗಳಿಗೆ ಈ ವಿವೇಚನೆಯಿಲ್ಲ. ಸರ್ವರೋಗಗಳಿಗೂ ಇದೇ ಮದ್ದೆಂದು ಯಂತ್ರ ಮಾರಲು ಬಂದವರನ್ನು ನಾವು ಕೇಳಬೇಕಾದದ್ದು ಇಷ್ಟೆ: ಯಾವ ಕಾಯಿಲೆಗೆ, ಎಷ್ಟು ಪ್ರಮಾಣದಲ್ಲಿ, ಯಾವ ಆಧಾರದ ಮೇಲೆ? ಗೆಡ್ಡೆ ಕರಗದಿದ್ದರೂ ಕೂದಲು ಚಿಗುರಿದ್ದನ್ನು ಮೆಸ್ಟರ್ ಗಮನಿಸಿದ್ದರು.