ಹೆಳವರಿಂದ ಪಹಣಿಯವರೆಗೆ: ಮನೆತನದ ಚರಿತ್ರೆಯ ಆಕರಗಳು

ಕರ್ನಾಟಕದಲ್ಲಿ ಮನೆತನಗಳ ಚರಿತ್ರೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರೂರು ಸುತ್ತುತ್ತಿದ್ದ ಇವರು ತಮ್ಮ ಪಾಲಿನ ಒಕ್ಕಲುಗಳ ಮನೆಗೆ ಕೆಲವು ವರ್ಷಗಳಿಗೊಮ್ಮೆ ಬಂದು ವಂಶಾವಳಿ ಹೇಳುತ್ತಿದ್ದರು. ಮೂಲ ಊರು, ವಲಸೆಯ ದಾರಿ, ಕುಲದೇವರು, ಬೆಡಗು (ಕುಲದ ಒಳಪಂಗಡ) ಎಲ್ಲವೂ ಅದರಲ್ಲಿ ಇರುತ್ತಿದ್ದವು. ಹೊಸದಾಗಿ ಹುಟ್ಟಿದವರ ಹೆಸರೂ ಸೇರುತ್ತಿತ್ತು. ಪ್ರತಿಯಾಗಿ ಒಕ್ಕಲಿನವರು ದವಸಧಾನ್ಯ, ಹಣ ಕೊಡುತ್ತಿದ್ದರು.

ಬರವಣಿಗೆಯ ಆಕರಗಳಲ್ಲಿ ಕಡತಗಳಿಗೆ ವಿಶೇಷ ಸ್ಥಾನವಿದೆ. ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಇವುಗಳಲ್ಲಿ ಶಾನುಭೋಗರ ಹಾಗೂ ಮಠಗಳ ಲೆಕ್ಕಪತ್ರಗಳಿವೆ. 1821ರಲ್ಲಿ ತೀರಿಕೊಂಡ ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ ಊರು, ದೇವಸ್ಥಾನ, ಪಾಳೆಯಗಾರ ಮನೆತನಗಳ ವೃತ್ತಾಂತಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನಗಳನ್ನು ತಾಲ್ಲೂಕುವಾರು ಕೊಡುತ್ತದೆ. ಗ್ರಂಥಾಲಯಗಳಲ್ಲಿರುವ ಈ ಸಂಪುಟಗಳು ಈಗ ಅಂತರಜಾಲದಲ್ಲೂ ಸಿಗುತ್ತವೆ.

ಸಾಮಾನ್ಯ ರೈತ ಕುಟುಂಬಕ್ಕೆ ಹೆಚ್ಚು ನೆರವಾಗುವುದು ಕಂದಾಯ ದಾಖಲೆ. ಪೌತಿ ಖಾತೆಯಲ್ಲಿ ತೀರಿಕೊಂಡವರ ಮತ್ತು ವಾರಸುದಾರರ ಹೆಸರು ಜೊತೆಯಾಗಿಯೇ ಬರುತ್ತದೆ. ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕೀಕೃತವಾಗಿವೆ. ಹಳೆಯ ಕೈಬರಹದ ದಾಖಲೆಗಳನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹುಡುಕಬಹುದು. ಆದರೆ ಜಮೀನಿಲ್ಲದವರು ಮತ್ತು ಹೆಣ್ಣುಮಕ್ಕಳು ಇವುಗಳಲ್ಲಿ ಕಾಣಿಸುವುದು ಅಪರೂಪ. ಅವರ ಚರಿತ್ರೆಗೆ ಶಾಲಾ ದಾಖಲಾತಿ, ಜನನ ಮರಣ ನೋಂದಣಿ ಮತ್ತು ಹಿರಿಯರ ನೆನಪುಗಳೇ ಆಧಾರ. ಒಂದು ಆಕರದ ಮಾತನ್ನು ಇನ್ನೊಂದರೊಡನೆ ತಾಳೆ ನೋಡಿದಾಗ ಮಾತ್ರ ವಂಶಾವಳಿ ವಿಶ್ವಾಸಾರ್ಹವಾಗುತ್ತದೆ.